ಬೆಕ್ಕಿನೊಡನೆ ಬಾಳುವೆ

ಗೃಹಸ್ಥಾಶ್ರಮವೆಂಬುದು ಮನುಷ್ಯರಿಗೆ ಮಾತ್ರ ಮೀಸಲಾದುದಲ್ಲವೆಂದು ನಮ್ಮ ಹಿರಿಯರು ಎಣಿಸಿದ್ದರೆಂದು ತೋರುತ್ತದೆ. ಮನೆಯೊಡೆಯನು ಉಣ್ಣುವ ಮುನ್ನ ಹಸುವಿಗೊಂದು ಪಾಲು, ಕಾಗೆಗೊಂದು ಪಾಲು, ನಾಯಿಗೊಂದು ಪಾಲು ತೆಗೆದಿರಿಸುವ ವಾಡಿಕೆ ಕೆಲವು ಮನೆಗಳಲ್ಲಿ ಈಗಲೂ ಉಂಟು. ಆದರೆ ಹಾಗೆ ಪಾಲು ಪಡೆಯುವ ಪ್ರಾಣಿಯೇ ಮನೆಯೊಡೆಯನ ಉಸಿರಿಗೆ ತೊಡಕಾದರೆ ಏನು ಮಾಡತಕ್ಕದ್ದೆಂಬುದನ್ನು ಯಾರೂ ಹೇಳಿಹೋದಂತಿಲ್ಲ. ಈ ಸಂಕಟಕ್ಕೆ ಸಿಕ್ಕಿದವರಲ್ಲಿ ನಾವೂ ಒಬ್ಬರು. ನಮ್ಮಂತೆ ಸೀನುತ್ತಲೇ ಬೆಕ್ಕನ್ನೋ ನಾಯಿಯನ್ನೋ ಸಾಕಿಕೊಂಡಿರುವ ಗೃಹಸ್ಥರು ಈ ನಗರದಲ್ಲಿ ಅನೇಕರಿರುವರಾದ ಕಾರಣ, ನಾವು ಪಟ್ಟ ಪಾಡನ್ನೂ ಅದರಿಂದ ಕಲಿತ ಪಾಠವನ್ನೂ ವಾಚಕರ ಮುಂದಿಡುವುದು ಅನುಚಿತವಾಗಲಾರದೆಂದು ನಂಬಿದ್ದೇವೆ.

ನಾವಿರುವುದು ಬೆಂಗಳೂರಿನ ಮತ್ತಿಕೆರೆಯಲ್ಲಿ. ಒಂದು ಮಗ್ಗುಲಿನಿಂದ ಯಶವಂತಪುರದ ರೈಲುಗಳ ಕೂಗು; ಇನ್ನೊಂದು ಮಗ್ಗುಲಿಗೆ, ಹಿಂದಿನವರು ತಾತಾ ಇನ್ಸ್ಟಿಟ್ಯೂಟ್ ಎಂದು ಕರೆಯುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆಯ ಮರಗಳ ಸಾಲು; ನಡುವೆ 30 ಅಡಿ ಅಗಲ 40 ಅಡಿ ಉದ್ದದ ನಿವೇಶನಗಳಲ್ಲಿ ಗೋಡೆಗೆ ಗೋಡೆ ಆತುಕೊಂಡು ನಿಂತ ಮನೆಗಳು. 1898ರ ಪ್ಲೇಗಿನ ತರುವಾಯ ಬೆಳೆದ ಮಲ್ಲೇಶ್ವರ ಬಸವನಗುಡಿಗಳ ಹಳೆಯ ಮನೆಗಳಿಗೆ, ಆ ರೋಗದ ಹೆದರಿಕೆಯ ದೆಸೆಯಿಂದಲೇ ಎನ್ನಬಹುದು, ಗಾಳಿ ಬೆಳಕುಗಳು ಹೇರಳವಾಗಿ ದೊರೆತವು. ನಮ್ಮ ಬೀದಿಗೆ ಆ ಭಾಗ್ಯವಿಲ್ಲ. ಇಲ್ಲಿ ಒಂದು ಮನೆಯ ಮೆಣಸಿನಕಾಯಿ ಒಗ್ಗರಣೆಗೆ ಮೂರು ಮನೆಯವರು ಕೆಮ್ಮುವರು.

ಮೂರು ವರ್ಷಗಳ ಹಿಂದೆ, ಆಷಾಢದ ಒಂದು ಸಂಜೆ, ಜಡಿಮಳೆಯಲ್ಲಿ ತೊಯ್ದು ಬಂದ ನಮ್ಮ ಮಗಳು ಶಾಲೆಯ ಚೀಲದೊಳಗಿಂದ ಪುಸ್ತಕಗಳಿಗೆ ಬದಲಾಗಿ ಒಂದು ಬೆಕ್ಕಿನ ಮರಿಯನ್ನು ಹೊರತೆಗೆದಳು. ಬೀದಿಯ ತಿರುವಿನಲ್ಲಿ ನಿಂತಿದ್ದ ಆಟೋರಿಕ್ಷಾದ ಅಡಿಯಲ್ಲಿ ಅದು ಅರಚುತ್ತಿತ್ತಂತೆ. ಪುಸ್ತಕಗಳೆಲ್ಲಿ ಎಂದು ಕೇಳಿದರೆ, ಗೆಳತಿಯ ಚೀಲದಲ್ಲಿರುವುವೆಂದು ಉತ್ತರ ಬಂದಿತು. ಮರಿಯು ಇದ್ದಲಿನಂತೆ ಕಪ್ಪಾಗಿದ್ದಿತು. ಅದಕ್ಕೆ ಕಾಳಿಯೆಂದು ಆಕೆಯೇ ಹೆಸರಿಟ್ಟಳು.

ಈ ಹೆಸರು ಬಣ್ಣವೊಂದರಿಂದಲೇ ಬಂದುದಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ, 1865ರಲ್ಲಿ ಸ್ಥಾಪಿತವಾದ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದ ವೀರಗಲ್ಲೊಂದು ಉಂಟು. ಕ್ರಿ. ಶ. 949ರ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರನಿಗೆ ಅವನ ಒಡೆಯನು ಮೆಚ್ಚಿ ಬೇಕಾದುದನ್ನು ಬೇಡಿಕೊಳ್ಳೆಂದಾಗ, ಅವನು ಬೇಡಿದುದು ಕಾಳಿಯೆಂಬ ಹೆಸರಿನ ಬೇಟೆನಾಯಿಯನ್ನು. ಆ ನಾಯಿಯು ಮುಂದೆ ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಮಡಿಯಿತು. ಮಣಲೆರನು ಅದರ ನೆನಪಿಗಾಗಿ ಕಲ್ಲು ನೆಡಿಸಿ, ಅದಕ್ಕೆ ಪೂಜೆ ನಡೆಯುವಂತೆ ಭೂಮಿಯನ್ನೂ ಬಿಡಿಸಿದನು. ಇದನ್ನು ಶಾಲೆಯವರೊಡನೆ ನೋಡಿ ಬಂದಿದ್ದ ಬಾಲಿಕೆಗೆ, ನಾಯಿಯ ಹೆಸರನ್ನು ಬೆಕ್ಕಿಗಿಡುವುದರಲ್ಲಿ ಯಾವ ಅಡ್ಡಿಯೂ ಕಾಣಲಿಲ್ಲ.

ಕಾಳಿಯು ಬಂದು ಒಂದು ತಿಂಗಳಾಗುವುದರೊಳಗೆ ನಮಗೆ ಬೆಳಗಿನ ಸೀನು ಮೊದಲಾಯಿತು. ಒಂದೆರಡಲ್ಲ, ಎಣಿಸಿದರೆ ಇಪ್ಪತ್ತರವರೆಗೆ. ಕಣ್ಣುಗಳಲ್ಲಿ ನವೆ, ಮೂಗಿನಲ್ಲಿ ನೀರು, ಗಂಟಲಿನಲ್ಲಿ ಕೆರೆತ. ಶ್ರಾವಣದ ಥಂಡಿಯೆಂದು ಶುಂಠಿ ಮೆಣಸುಗಳ ಕಷಾಯ ಕುಡಿದೆವು. ಭಾದ್ರಪದ ಕಳೆಯಿತು, ಆಶ್ವಯುಜ ಕಳೆಯಿತು, ಥಂಡಿಯು ಮಾತ್ರ ಕಳೆಯಲಿಲ್ಲ. ಮಾರ್ಗಶಿರದ ಒಂದು ರಾತ್ರಿ ಎರಡು ಗಂಟೆಯ ಸಮಯದಲ್ಲಿ ಎದೆಯ ಮೇಲೆ ಯಾರೋ ಒರಳುಕಲ್ಲನ್ನಿಟ್ಟಂತಾಗಿ ಎಚ್ಚರಗೊಂಡೆವು. ಎಳೆದ ಉಸಿರು ಹೊರಹೋಗಲೊಲ್ಲದು. ಕೊರಳೊಳಗೆ ಹಳೆಯ ಹಾರ್ಮೋನಿಯಮ್ಮಿನ ತಿದಿಯಂತೆ ಸದ್ದು. ಆ ಹೊತ್ತಿನಲ್ಲಿ ಹತ್ತಿರದ ಆಸ್ಪತ್ರೆಗೆ ನಮ್ಮನ್ನು ಸಾಗಿಸಿದರು. ಮುಖಕ್ಕೆ ಮುಖವಾಡವಿಟ್ಟು ಔಷಧದ ಹಬೆಯನ್ನು ಉಸಿರಾಡಿಸಿದ ಮೇಲೆ, ಬೆಳಗಾಗುವ ವೇಳೆಗೆ ನಾವು ಮಾತನಾಡುವ ಸ್ಥಿತಿಗೆ ಬಂದೆವು. ಅಲ್ಲಿದ್ದ ತರುಣ ವೈದ್ಯರು ಕೇಳಿದ ಮೊದಲ ಪ್ರಶ್ನೆ, “ಮನೆಯಲ್ಲಿ ಪ್ರಾಣಿ ಸಾಕಿದ್ದೀರಾ?” ಎಂಬುದು. ಹೌದೆಂದಾಗ, “ಮೊದಲು ಅದನ್ನು ಕಳಿಸಿಬಿಡಿ” ಎಂದರು.

ಕಳಿಸಿದೆವು. ಚಾಮರಾಜಪೇಟೆಯಲ್ಲಿರುವ ನಮ್ಮ ತಂಗಿಯ ಮನೆಗೆ ಕಾಳಿಯು ಬುಟ್ಟಿಯೊಳಗೆ ಕುಳಿತು ಪ್ರಯಾಣ ಮಾಡಿತು. ಮಗಳು ಅಳಲಿಲ್ಲ. ಬೆಕ್ಕಿನ ಹಾಲಿನ ಬಟ್ಟಲನ್ನು ತೊಳೆದು, ಹಿತ್ತಲ ಕಟ್ಟೆಯ ಮೇಲೆ ಬೋರಲಾಗಿಟ್ಟು, ಒಳಗೆ ಹೋಗಿ ಪಾಠ ಓದುತ್ತ ಕುಳಿತಳು. ಅತ್ತಿದ್ದರೆ ಸಮಾಧಾನ ಹೇಳಬಹುದಾಗಿತ್ತು. ಬೋರಲಿಟ್ಟ ಆ ಬಟ್ಟಲಿಗೆ ಏನನ್ನು ಹೇಳುವುದು?

ವಿಚಿತ್ರವೆಂದರೆ, ಬೆಕ್ಕು ಹೋದರೂ ಸೀನು ಹೋಗಲಿಲ್ಲ. ಒಂದು ವಾರವಾಯಿತು, ಆರು ವಾರವಾಯಿತು; ನಾವು ಮೊದಲಿನಂತೆಯೇ ಸೀನುತ್ತಿದ್ದೆವು. ಮಗಳು ನಮ್ಮ ಸೀನುಗಳನ್ನು ಮೌನವಾಗಿ ಎಣಿಸುತ್ತಿದ್ದುದನ್ನು ನಾವು ಕಂಡೆವು. ಆ ಎಣಿಕೆಯಲ್ಲಿ ಒಂದು ದೂರು ಇದ್ದಿತು. ಕೊನೆಗೆ ಒಗ್ಗದಿಕೆಯ ಬೇನೆಗಳನ್ನೇ ವಿಶೇಷವಾಗಿ ಅಭ್ಯಾಸಮಾಡಿದ ವೈದ್ಯರೊಬ್ಬರ ಬಳಿಗೆ ಹೋದೆವು. ಅವರು ಹೇಳಿದುದನ್ನು ಕೇಳಿದ ಮೇಲೆ, ಇದುವರೆಗೆ ನಮಗೆ ನಮ್ಮ ಶತ್ರುವಿನ ಗುರುತೇ ಇರಲಿಲ್ಲವೆಂಬುದು ತಿಳಿಯಿತು.

ಬೆಕ್ಕಿನ ಕೂದಲು ಬೇನೆಗೆ ಕಾರಣವೆಂದು ಸಾಮಾನ್ಯವಾಗಿ ಎಲ್ಲರೂ ತಿಳಿದಿರುವರು. ಅದು ಸರಿಯಲ್ಲ. ಬೆಕ್ಕಿನ ಎಂಜಲಿನಲ್ಲಿಯೂ ಚರ್ಮದ ಜಿಡ್ಡಿನ ಗ್ರಂಥಿಗಳಲ್ಲಿಯೂ ಹುಟ್ಟುವ ಒಂದು ಪ್ರೋಟೀನು ಇದಕ್ಕೆ ಮುಖ್ಯ ಕಾರಣ. ವಿಜ್ಞಾನಿಗಳು ಅದನ್ನು ಫೆಲ್ ಡಿ 1 ಎಂದು ಕರೆಯುವರು. ಬೆಕ್ಕು ದಿನವೆಲ್ಲ ಮೈಯನ್ನು ನೆಕ್ಕುತ್ತ, ಆ ವಸ್ತುವನ್ನು ತುಪ್ಪುಳಿಗೆ ಬಳಿದುಕೊಳ್ಳುವುದು. ಒಣಗಿದ ಮೇಲೆ ಅದು ಹೊಟ್ಟಿನೊಡನೆ ಪುಡಿಯಾಗಿ ಗಾಳಿಗೆ ಏಳುವುದು. ಆ ಪುಡಿಯಲ್ಲಿ ಒಂದು ಭಾಗ ಎಷ್ಟು ಸೂಕ್ಷ್ಮವೆಂದರೆ ಗಂಟೆಗಟ್ಟಲೆ ನೆಲಕ್ಕಿಳಿಯದೆ ತೇಲುತ್ತಿರುವುದು. ಇಳಿದರೂ ಗೋಡೆ, ಪರದೆ, ದಿಂಬು, ಉಡುಪುಗಳಿಗೆ ಅಂಟಿಕೊಳ್ಳುವುದು. ಬೆಕ್ಕನ್ನು ಸಾಕದವರ ಮನೆಗಳಲ್ಲಿಯೂ ಶಾಲೆಗಳ ಕೊಠಡಿಗಳಲ್ಲಿಯೂ ಅದು ಕಂಡುಬಂದಿದೆ. ಸಾಕಿದವರ ಬಟ್ಟೆಗಳ ಮೇಲೆ ಸವಾರಿ ಮಾಡಿ ಅಲ್ಲಿಗೆ ಹೋಗುತ್ತದೆ. ಬೆಕ್ಕನ್ನು ಮನೆಯಿಂದ ಕಳಿಸಿದ ತರುವಾಯವೂ ಈ ಪುಡಿಯು ಇಳಿಮುಖವಾಗಿ ಬೆಕ್ಕಿಲ್ಲದ ಮನೆಯ ಮಟ್ಟಕ್ಕೆ ಬರಲು ನಾಲ್ಕರಿಂದ ಆರು ತಿಂಗಳು ಹಿಡಿಯಬಹುದು. ಆರು ವಾರದಲ್ಲಿ ಗುಣ ಕಾಣಲಿಲ್ಲವೆಂದು ನಾವು ಗೊಣಗಿದುದು ನಮ್ಮ ಅಜ್ಞಾನ. ಮೊದಲಿನ ವೈದ್ಯರು ಹೇಳಿದುದು ತಪ್ಪಲ್ಲ. ಪ್ರಾಣಿಯನ್ನು ದೂರಮಾಡುವುದೇ ಎಲ್ಲಕ್ಕಿಂತ ಭದ್ರವಾದ ಉಪಾಯವೆಂದು ವೈದ್ಯಶಾಸ್ತ್ರವು ಇಂದಿಗೂ ಹೇಳುತ್ತದೆ. ಅದಕ್ಕೆ ಹಿಡಿಯುವ ಕಾಲವನ್ನು ಆ ರಾತ್ರಿ ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಬೆಕ್ಕಿನ ಪುಡಿಯು ವಿಷವಲ್ಲ. ನಮ್ಮ ಗೃಹಿಣಿಯು ಅದೇ ಗಾಳಿಯನ್ನು ಉಸಿರಾಡಿ ಸುಖವಾಗಿರುವಳು. ದೋಷವಿರುವುದು ನಮ್ಮ ದೇಹದ ಕಾವಲುಗಾರರಲ್ಲಿ. ನಿರಪರಾಧಿಯಾದ ನೆಂಟನನ್ನು ಕಳ್ಳನೆಂದು ತಿಳಿದು ಅವರು ಊರನ್ನೆಲ್ಲ ಎಬ್ಬಿಸುವರು. ಹಿಸ್ಟಮಿನ್ ಮೊದಲಾದ ದ್ರವ್ಯಗಳು ಹೊರಚೆಲ್ಲಿ ಮೂಗು ಕಣ್ಣುಗಳು ಊದುವುವು, ಉಸಿರುನಾಳಗಳು ಬಿಗಿಯುವುವು. ಇಂಥ ವಿಪರೀತ ಪ್ರತಿಕ್ರಿಯೆಗೆ 1906ರಲ್ಲಿ ವಿಯೆನ್ನಾ ನಗರದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಎಂಬವನು ಅಲರ್ಜಿಯೆಂದು ಹೆಸರಿಟ್ಟನು. ಅದಕ್ಕೂ ಮುನ್ನವೇ, ತಾನೇ ಪರಾಗದ ನೆಗಡಿಯಿಂದ ನರಳುತ್ತಿದ್ದ ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿಯು ತನ್ನ ಚರ್ಮವನ್ನು ಗೀರಿ ಹುಲ್ಲಿನ ಪರಾಗವನ್ನು ಹಚ್ಚಿಕೊಂಡು ಪರೀಕ್ಷಿಸಿ, 1873ರಲ್ಲಿ ಅದರ ವಿವರವನ್ನು ಪ್ರಕಟಿಸಿದ್ದನು. ನೂರೈವತ್ತು ವರ್ಷಗಳ ತರುವಾಯ ನಮ್ಮ ಮುಂಗೈಯ ಮೇಲೆ ನಡೆದುದೂ ಹೆಚ್ಚುಕಡಿಮೆ ಅದೇ.

ಪರೀಕ್ಷೆಗೆ ಕೆಲವು ದಿನ ಮುಂಚಿತವಾಗಿ ಸೀನಿನ ಮಾತ್ರೆಗಳನ್ನು ನಿಲ್ಲಿಸಬೇಕಾಯಿತು. ಇಲ್ಲವಾದರೆ ಚರ್ಮವು ನಿಜವನ್ನು ನುಡಿಯುವುದಿಲ್ಲ. ಮುಂಗೈಯ ಮೇಲೆ ಸಾಲಾಗಿ ತೊಟ್ಟುಗಳನ್ನಿಟ್ಟು, ಒಂದೊಂದರ ನಡುವೆ ಸೂಜಿಯ ಮೊನೆಯಿಂದ ಚುಚ್ಚಿದರು. ಕಾಲುಗಂಟೆ ಕಾದ ಮೇಲೆ ಸೊಳ್ಳೆ ಕಚ್ಚಿದಂತೆ ಗಂಧೆಗಳೆದ್ದವು. ಬೆಕ್ಕಿನ ತೊಟ್ಟಿನಲ್ಲಿ ಗಂಧೆ ಎದ್ದುದು ನಿಜ. ಆದರೆ ಅದಕ್ಕಿಂತ ದೊಡ್ಡ ಗಂಧೆಗಳು ಇನ್ನೆರಡು ಇದ್ದವು: ಒಂದು ಮನೆಯ ಧೂಳಿನ ನುಸಿಯದು, ಇನ್ನೊಂದು ಕಾಂಗ್ರೆಸ್ ಗಿಡದ್ದು.

ಧೂಳಿನ ನುಸಿಯೆಂಬುದು ಬರಿಗಣ್ಣಿಗೆ ಕಾಣದ ಎಂಟು ಕಾಲಿನ ಜೀವಿ. ಮನುಷ್ಯನ ಮೈಯಿಂದ ಉದುರುವ ಹೊಟ್ಟನ್ನು ತಿಂದು ಹಾಸಿಗೆ ದಿಂಬುಗಳಲ್ಲಿ ವಾಸಿಸುವುದು. ಅದರ ಹಿಕ್ಕೆಯೇ ಬೇನೆಗೆ ಮೂಲ. ಧೂಳಿನ ಅಲರ್ಜಿಗೆ ಈ ಜೀವಿಯೇ ಕಾರಣವಿರಬಹುದೆಂದು ಹಾಲೆಂಡಿನ ಲೈಡನ್ ನಗರದ ವಿಜ್ಞಾನಿಗಳು 1964ರಲ್ಲಿ ತಿಳಿಸಿದರು. ಕಾಂಗ್ರೆಸ್ ಗಿಡವನ್ನು, ಎಂದರೆ ಪಾರ್ಥೇನಿಯಮ್ಮನ್ನು, ಬೆಂಗಳೂರಿಗರಿಗೆ ಪರಿಚಯಿಸಬೇಕಾದುದಿಲ್ಲ. ಅಮೆರಿಕಾ ಖಂಡದ ಈ ಕಳೆಯು 1950ರ ದಶಕದಲ್ಲಿ ಪುಣೆಯ ಬಳಿ ಕಾಣಿಸಿಕೊಂಡು, ನಮ್ಮಲ್ಲಿಯ ಖಾಲಿ ನಿವೇಶನಗಳನ್ನೆಲ್ಲ ಆಕ್ರಮಿಸಿತು. ಅದನ್ನು ತಿನ್ನಲೆಂದು 1984ರಲ್ಲಿ ಇದೇ ಬೆಂಗಳೂರಿನಲ್ಲಿ ಮೆಕ್ಸಿಕೋ ದೇಶದ ಒಂದು ಜಾತಿಯ ದುಂಬಿಯನ್ನು ಬಿಟ್ಟರು. ದುಂಬಿಯು ತನ್ನ ಕೈಲಾದಷ್ಟು ತಿಂದಿತು. ಉಳಿದುದು ನಮ್ಮ ಮನೆಯ ಪಕ್ಕದ ಖಾಲಿ ನಿವೇಶನದಲ್ಲಿ ಸೊಂಟದೆತ್ತರಕ್ಕೆ ಬೆಳೆದು ಹೂಬಿಟ್ಟಿದ್ದಿತು.

ಆಗ ವೈದ್ಯರು ಒಂದು ಉಪಮಾನವನ್ನು ಹೇಳಿದರು. “ನಿಮ್ಮ ಮೈ ಒಂದು ಬಿಂದಿಗೆ ಎಂದಿಟ್ಟುಕೊಳ್ಳಿ. ನುಸಿ ಒಂದಷ್ಟು ತುಂಬುತ್ತದೆ, ಗಿಡ ಒಂದಷ್ಟು, ಹೊಗೆ ಒಂದಷ್ಟು, ಬೆಕ್ಕು ಒಂದಷ್ಟು. ತುಳುಕಿದಾಗ ಕೊನೆಯಲ್ಲಿ ಬಿದ್ದ ಹನಿಯನ್ನೇ ನಾವು ಬಯ್ಯುತ್ತೇವೆ.” ಹಾಗಾದರೆ ಉಳಿದ ಹನಿಗಳನ್ನು ತಡೆದರೆ ಬೆಕ್ಕಿನದಕ್ಕೆ ಎಡೆಯಾಗಲಾರದೆ ಎಂದು ನಾವು ಕೇಳಿದೆವು. ಅವರು ಕೂಡಲೆ ಒಪ್ಪಲಿಲ್ಲ. ಒಂದು ಸಲ ಆಸ್ಪತ್ರೆಯ ಮೆಟ್ಟಿಲು ಹತ್ತಿದ ಉಬ್ಬಸ ಹುಡುಗಾಟದ ವಿಷಯವಲ್ಲವೆಂದು ಎಚ್ಚರಿಸಿದರು. ಕಡೆಗೆ ಒಂದು ಕರಾರಾಯಿತು. ಉಸಿರಿನ ಬಿರುಸನ್ನು ಅಳೆಯುವ ಪೀಕ್ ಫ್ಲೋ ಮೀಟರ್ ಎಂಬ ಒಂದು ಕೊಳವೆಯುಂಟು. ಅದರಲ್ಲಿ ದಿನವೂ ಊದಿ ಅಂಕಿಯನ್ನು ಬರೆದಿಡತಕ್ಕದ್ದು. ಚೆನ್ನಾಗಿರುವಾಗ ನಮ್ಮ ಅಂಕಿ 450. ಅದರ ನೂರಕ್ಕೆ 80, ಎಂದರೆ 360, ನಮ್ಮ ಗಡಿ. ಮೂರು ದಿನ ಒಂದೇ ಸಮನೆ ಅಂಕಿ ಆ ಗಡಿಗಿಂತ ಕೆಳಗಿಳಿದರೆ, ಬೆಕ್ಕು ಮನೆಯಿಂದ ಹೊರಡತಕ್ಕದ್ದು. ಮಗಳು ಈ ಕರಾರನ್ನು ಒಂದು ನೋಟುಪುಸ್ತಕದ ಮೊದಲ ಪುಟದಲ್ಲಿ ಬರೆದು, ತನ್ನ ರುಜುವನ್ನು ಹಾಕಿ, ನಮ್ಮ ರುಜುವನ್ನೂ ಹಾಕಿಸಿಕೊಂಡಳು.

ಯುಗಾದಿಗೆ ಕಾಳಿಯು ಮರಳಿತು. ಬರುವುದಕ್ಕೆ ಮುನ್ನ ಮನೆಯಲ್ಲಿ ಮಾಡಿಕೊಂಡ ಏರ್ಪಾಟುಗಳನ್ನು, ಇತರರಿಗೆ ಉಪಯೋಗವಾಗಲೆಂದು, ಇಲ್ಲಿ ಹೇಳುತ್ತೇವೆ.

ಎಲ್ಲಕ್ಕೂ ಮೊದಲನೆಯದು ಮಲಗುವ ಕೋಣೆ. ದಿನದ ಮೂರನೆಯ ಒಂದು ಪಾಲನ್ನು ಮನುಷ್ಯನು ಅಲ್ಲಿ ಕಳೆಯುವನಾದ ಕಾರಣ ಆ ಕೋಣೆಯೊಳಗೆ ಬೆಕ್ಕಿಗೆ ಎಂದೆಂದಿಗೂ ಪ್ರವೇಶವಿಲ್ಲ. “ಈ ದಿನ ಒಂದು ಸಲ” ಎಂಬ ಮಾತೇ ಕೂಡದು. ಹದಿನೈದು ವರ್ಷದ ಹತ್ತಿಯ ಹಾಸಿಗೆಯನ್ನು ತೆಗೆದುಹಾಕಿ, ಹೊಸದಕ್ಕೂ ದಿಂಬುಗಳಿಗೂ ನುಸಿಯನ್ನು ತಡೆಯುವ ಒತ್ತುನೇಯ್ಗೆಯ ಮುಚ್ಚುಚೀಲಗಳನ್ನು ಹೊದಿಸಿದೆವು. ಹೊದಿಕೆ ಹಾಸುಬಟ್ಟೆಗಳನ್ನು ವಾರಕ್ಕೊಮ್ಮೆ ಕೈ ತಾಳಲಾರದಷ್ಟು ಬಿಸಿಯಾದ, 60 ಡಿಗ್ರಿಯ ನೀರಿನಲ್ಲಿ ಒಗೆದು ತಾರಸಿಯ ಬಿಸಿಲಿಗೆ ಹಾಕುವುದು. ನಡುಮನೆಯ ಜಮಖಾನವನ್ನೂ ದಪ್ಪ ಪರದೆಗಳನ್ನೂ ತೆಗೆದುಬಿಟ್ಟೆವು. ಒಣ ಪೊರಕೆಯಿಂದ ಗುಡಿಸುವುದು ಧೂಳನ್ನು ಮೂಗಿಗೆ ಬಡಿಸುವುದಕ್ಕೆ ಸಮಾನವಾದುದರಿಂದ, ನೆಲವನ್ನು ಒದ್ದೆಬಟ್ಟೆಯಿಂದ ಒರಸುವುದು, ಆ ವೇಳೆಯಲ್ಲಿ ನಾವು ಹೊರಗಿರುವುದು. ಬೆಕ್ಕಿನ ಮೈ ಬಾಚುವುದೂ ಅದರ ಮರಳಿನ ತಟ್ಟೆಯನ್ನು ಶುಚಿಮಾಡುವುದೂ ತಾರಸಿಯಲ್ಲಿ, ಬೇನೆಯಿಲ್ಲದವರ ಕೈಯಿಂದ. ಬೆಕ್ಕನ್ನು ಮುಟ್ಟಿದರೆ ಕೈ ತೊಳೆಯದೆ ಕಣ್ಣು ಮುಟ್ಟಕೂಡದು. ಮಲಗುವ ಮುನ್ನ ಉಡುಪು ಬದಲಿಸತಕ್ಕದ್ದು. ಪಕ್ಕದ ನಿವೇಶನದ ಗಿಡಗಳನ್ನು ಹೂ ಬಿಡುವ ಮುನ್ನವೇ ಕೂಲಿಯಾಳುಗಳಿಂದ ಕೀಳಿಸಿದೆವು. ಅವರಿಗೂ ಅದು ತುರಿಕೆ ತರುವ ಗಿಡವಾದುದರಿಂದ ಕೈಚೀಲ ಮುಖವಸ್ತ್ರಗಳನ್ನು ಕೊಡುವುದನ್ನು ಮರೆಯಲಿಲ್ಲ.

ಬೆಕ್ಕಿಗೆ ಸ್ನಾನ ಮಾಡಿಸಿದರೆ ಹೇಗೆಂದು ಕೆಲವರು ಕೇಳುವರು. ಮಾಡಿಸಿದರೆ ಪುಡಿಯು ತಗ್ಗುವುದು ನಿಜ. ಆದರೆ ಒಂದು ವಾರದೊಳಗೆ ಮೊದಲಿನ ಮಟ್ಟಕ್ಕೆ ಏರುವುದು. ಬೆಕ್ಕಿನ ಅಸಮಾಧಾನವಾದರೋ ಅದಕ್ಕಿಂತ ಹೆಚ್ಚು ದಿನ ನಿಲ್ಲುವುದು. ಗಂಡುಬೆಕ್ಕು ಈ ಪುಡಿಯನ್ನು ಹೆಚ್ಚಾಗಿ ಸುರಿಸುವುದರಿಂದ ಅದಕ್ಕೆ ಸಂತಾನಹರಣದ ಶಸ್ತ್ರಕ್ರಿಯೆ ಮಾಡಿಸಿದರೆ ಸ್ವಲ್ಪ ಗುಣವುಂಟು. ಗಾಳಿಯನ್ನು ಸೋಸುವ ಯಂತ್ರಗಳಲ್ಲಿ ಹೆಪಾ ಎಂಬ ಸೋಸುಕವಿರುವುದು ಉತ್ತಮ. ಅದು ಮಲಗುವ ಕೋಣೆಯಲ್ಲಿ ಸಹಾಯಕವಾದೀತೇ ಹೊರತು, ಒರಸುವ ಬಟ್ಟೆಗೆ ಬದಲಾಗಲಾರದು.

ಔಷಧದ ವಿಷಯದಲ್ಲಿ ಒಂದು ಮಾತು. ಸೇದುವ ಔಷಧವೆಂದರೆ ನಮ್ಮ ಜನರಿಗೆ ಒಂದು ಹೆದರಿಕೆ. ಒಮ್ಮೆ ಹಿಡಿದರೆ ಬಿಡದೆಂದು ನೆರೆಹೊರೆಯವರು ನಮಗೂ ಹೇಳಿದ್ದರು. ಉಬ್ಬಸಕ್ಕೆ ಎರಡು ಬಗೆಯ ಔಷಧಗಳುಂಟು: ಬಿಗಿದ ನಾಳವನ್ನು ಆ ಕ್ಷಣದಲ್ಲಿ ಸಡಿಲಿಸುವುದೊಂದು, ನಾಳದ ಊತವನ್ನು ಇಳಿಸಿ ಬಿಗಿಯದಂತೆ ದಿನವೂ ಕಾಯುವುದಿನ್ನೊಂದು. ಎರಡನೆಯದರ ಗುಣ ಕಣ್ಣಿಗೆ ಕಾಣದಾದುದರಿಂದ ಜನರು ಅದನ್ನೇ ಮೊದಲು ಕೈಬಿಡುವರು. ಅದು ನೇರವಾಗಿ ಶ್ವಾಸಕೋಶಕ್ಕೆ ಹೋಗುವುದರಿಂದ ಅದರ ಪ್ರಮಾಣ ಮಾತ್ರೆಗಿಂತ ಬಹಳ ಕಡಿಮೆ. ಸೇದಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಅಷ್ಟೆ. ಬೇನೆಯ ಮೂಲವಸ್ತುವನ್ನೇ ಕಿರುಪ್ರಮಾಣದಲ್ಲಿ ಕೊಡುತ್ತ ದೇಹಕ್ಕೆ ಒಗ್ಗಿಸುವ ಚಿಕಿತ್ಸೆಯೂ ಉಂಟು. ಲಂಡನ್ನಿನ ಲೆನರ್ಡ್ ನೂನ್ ಎಂಬವನು 1911ರಲ್ಲಿ ಹುಲ್ಲಿನ ಪರಾಗದಿಂದ ಅದನ್ನು ಮೊದಲುಮಾಡಿದನು. ಅದಕ್ಕೆ ಮೂರರಿಂದ ಐದು ವರ್ಷಗಳು ಬೇಕು. ಯಾರಿಗೆ ತಕ್ಕುದೆಂಬುದನ್ನು ತಜ್ಞರೇ ಹೇಳಬೇಕು.

ಇಷ್ಟೆಲ್ಲ ನಡೆದು, ಸೀನುಗಳು ಬೆಳಗಿಗೆ ಎರಡೋ ಮೂರೋ ಆಗಿ, ಅಂಕಿಯು 430ರ ಸುಮಾರಿನಲ್ಲಿ ನೆಲೆನಿಂತಿತು. ನಾವು ಗೆದ್ದೆವೆಂದುಕೊಂಡೆವು. ಆಗ ದೀಪಾವಳಿ ಬಂದಿತು.

ಹಬ್ಬದ ಎರಡನೆಯ ದಿನ ಅಂಕಿ 350. ಮರುದಿನ 340. ಅದರ ಮರುದಿನ 345. ಮೂರನೆಯ ಬೆಳಗ್ಗೆ ನಾವು ಊದಿ ಮುಗಿಸುವ ವೇಳೆಗೆ ಮಗಳು ಬಾಗಿಲಲ್ಲಿ ನಿಂತಿದ್ದಳು. ಅವಳ ಕೈಯಲ್ಲಿ ಆ ಬುಟ್ಟಿಯಿತ್ತು. ಒಳಗೆ ಹಳೆಯ ಟವಲನ್ನು ಹಾಸಿ ಆಗಿತ್ತು.

“ಅಪ್ಪಾ, ಮೂರು ದಿನ ಆಯಿತು” ಎಂದಳು.

ನಮಗೆ ಮಾತು ಹೊರಡಲಿಲ್ಲ. ಒಂದು ದಿನ ಕಾದು ನೋಡೋಣವೆಂದು ನಾವೇ ಹೇಳಬೇಕೆಂದಿದ್ದೆವು. ಅವಳು ತಲೆಯಾಡಿಸಿ, “ರುಜು ಹಾಕಿದ್ದೀನಲ್ಲ” ಎಂದಳು. ಹನ್ನೊಂದು ವರ್ಷದ ಹುಡುಗಿಗೆ ನಮ್ಮ ಉಸಿರು ಅವಳ ಬೆಕ್ಕಿಗಿಂತ ಹೆಚ್ಚೆಂಬುದು ಅಂದು ನಮಗೆ ಗೊತ್ತಾಯಿತು. ಹಿಂದಿನ ಸಲ ನಾವು ಅವಳಿಂದ ಬೆಕ್ಕನ್ನು ಕಿತ್ತುಕೊಂಡಿದ್ದೆವು. ಈ ಸಲ ಅವಳೇ ಕೊಟ್ಟಳು. ಕಾಳಿಯು ಮತ್ತೆ ಚಾಮರಾಜಪೇಟೆಗೆ ಹೋಯಿತು.

ಐದು ದಿನಗಳಲ್ಲಿ ಅಂಕಿ 420ಕ್ಕೆ ಏರಿತು. ಬೆಕ್ಕು ಹೋದುದರಿಂದ ಗುಣವಾಯಿತೆಂದು ಮನೆಯವರೆಲ್ಲ ನಿಟ್ಟುಸಿರಿಟ್ಟರು. ಮಗಳೊಬ್ಬಳು ನೋಟುಪುಸ್ತಕವನ್ನು ಮುಂದಿಟ್ಟುಕೊಂಡು ಬಹಳ ಹೊತ್ತು ಕುಳಿತಿದ್ದು, ಆಮೇಲೆ ಬಂದು ಕೇಳಿದಳು: “ಅಪ್ಪಾ, ಕಾಳಿ ಹೋದರೂ ಅದರ ಪುಡಿ ತಿಂಗಳುಗಟ್ಟಲೆ ಮನೆಯಲ್ಲೇ ಇರುತ್ತೆ ಅಂತ ಡಾಕ್ಟರು ಹೇಳಿದ್ದರಲ್ಲ? ಹಾಗಾದರೆ ಐದೇ ದಿನದಲ್ಲಿ ನಿನಗೆ ಹೇಗೆ ವಾಸಿ ಆಯಿತು?”

ನಾವು ಉತ್ತರವಿಲ್ಲದೆ ವೈದ್ಯರಲ್ಲಿಗೆ ಆ ಪುಸ್ತಕವನ್ನೂ ಆ ಪ್ರಶ್ನೆಯನ್ನೂ ಕೊಂಡೊಯ್ದೆವು. ಅವರು ನಕ್ಕು, ಪ್ರಶ್ನೆ ಸರಿಯಾಗಿದೆಯೆಂದರು. ತರುವಾಯ ನಮ್ಮನ್ನು ನೋಡಿ, ದಿನದ ಔಷಧವನ್ನು ಬಿಡದೆ ಸೇದುತ್ತಿದ್ದಿರಾ ಎಂದು ಕೇಳಿದರು. ಇಲ್ಲಿ ತಪ್ಪೊಪ್ಪಿಗೆ ಅನಿವಾರ್ಯ. ಚೆನ್ನಾಗಿದ್ದೇವಲ್ಲ ಎಂಬ ಧೈರ್ಯದಿಂದ ಹಬ್ಬಕ್ಕೆ ಹತ್ತು ದಿನ ಮೊದಲೇ ನಾವು ಅದನ್ನು ನಿಲ್ಲಿಸಿದ್ದೆವು. ಮೇಲೆ ಪಟಾಕಿಯ ಹೊಗೆ. ಅಂಕಿ ಇಳಿದೊಡನೆ ಹೆದರಿ ಮತ್ತೆ ಸೇದತೊಡಗಿದೆವು; ಹೊಗೆಯೂ ಕರಗಿತು; ಅಂಕಿ ಏರಿತು. ಬೆಕ್ಕಿನ ಮೇಲೆ ಹೊರಿಸಿದ್ದ ಅಪರಾಧದಲ್ಲಿ ದೊಡ್ಡ ಪಾಲು ನಮ್ಮದೇ ಆಗಿತ್ತು. ಮಗಳ ಎದುರಿಗೆ ಇದನ್ನು ಒಪ್ಪಿಕೊಂಡಾಗ ಅವಳು ಏನನ್ನೂ ಹೇಳಲಿಲ್ಲ. ಕರಾರಿನ ಪುಟದಲ್ಲಿ ಒಂದು ಸಾಲನ್ನು ಸೇರಿಸಿ ಬರೆದಳು: “ಅಪ್ಪ ಔಷಧ ಬಿಡಕೂಡದು.” ಅದರ ಕೆಳಗೆ ನಾವೊಬ್ಬರೇ ರುಜು ಹಾಕಿದೆವು. ಕಾಳಿಯು ಎರಡನೆಯ ಸಲ ಮನೆಗೆ ಬಂದಿತು.

ನಮ್ಮ ತಾಯಿಯವರು ಈ ಏರ್ಪಾಟುಗಳನ್ನೆಲ್ಲ ನೋಡಿ, “ಇದನ್ನು ಹೇಳುವುದಕ್ಕೆ ಡಾಕ್ಟರು ಬೇಕಾಗಿತ್ತೇನೋ? ನಮ್ಮ ಕಾಲದಲ್ಲಿ ಬೆಕ್ಕು ನಡುಮನೆ ದಾಟುತ್ತಿತ್ತೇ? ಹೊರಗಿನಿಂದ ಬಂದವರು ಕಾಲು ತೊಳೆಯದೆ ಒಳಗೆ ಬರುತ್ತಿದ್ದರೇ?” ಎಂದರು. ಮಾತಿನಲ್ಲಿ ಸತ್ಯವುಂಟು. ಒಗೆದ ಚಾಪೆ, ಬರಿಯ ಗಾರೆನೆಲ, ದಿನವೂ ಒರಸುವ ಪದ್ಧತಿ, ಪ್ರಾಣಿಗೆ ಜಗಲಿ ಮನುಷ್ಯನಿಗೆ ಒಳಮನೆ ಎಂಬ ಎಲ್ಲೆ, ಇವುಗಳಲ್ಲಿ ನುಸಿಗೂ ಪುಡಿಗೂ ನೆಲೆ ಕಡಿಮೆಯಾಗಿದ್ದಿತು. ಹಾಗೆಂದು ಹಿರಿಯರು ಪ್ರೋಟೀನನ್ನು ಬಲ್ಲವರಾಗಿದ್ದರೆಂದು ಹೆಮ್ಮೆಪಡಬೇಕಾದುದಿಲ್ಲ. ಮಡಿಯ ಹೆಸರಿನಲ್ಲಿ ಅವರು ಧೂಳನ್ನು ಹೊರಗಿಟ್ಟಂತೆಯೇ ಮನುಷ್ಯರನ್ನೂ ಹೊರಗಿಟ್ಟರು. ಮೊದಲನೆಯದು ಆರೋಗ್ಯ, ಎರಡನೆಯದು ಅನ್ಯಾಯ. ನಾವು ಉಳಿಸಿಕೊಂಡಿರುವುದು ಒರಸುವ ಬಟ್ಟೆಯನ್ನು ಮಾತ್ರ.

ನಾಯಿಯನ್ನು ಸಾಕಬೇಕೆನ್ನುವವರಿಗೂ ಎರಡು ಮಾತು. ಅಲರ್ಜಿಯನ್ನೇ ತರದ ಜಾತಿಯೆಂದು ಹೇಳಿ ಹೆಚ್ಚು ಬೆಲೆಗೆ ಮರಿಗಳನ್ನು ಮಾರುವವರುಂಟು. ಮನೆಗಳ ಧೂಳನ್ನು ಅಳೆದು ನೋಡಿದ ಸಂಶೋಧಕರಿಗೆ ಅಂಥ ಜಾತಿಗಳ ಮನೆಗೂ ಇತರ ನಾಯಿಗಳ ಮನೆಗೂ ಗಣನೀಯವಾದ ವ್ಯತ್ಯಾಸ ಕಂಡುಬರಲಿಲ್ಲ. 2005ರಲ್ಲಿ ಅಂಚೆಚೀಟಿಯ ಮೇಲೆ ಚಿತ್ರ ಮುದ್ರಿತವಾದ ನಮ್ಮ ಮುಧೋಳದ ನಾಯಿಗೆ ತುಪ್ಪುಳು ಬಹು ಗಿಡ್ಡ. ಆದರೂ ಎಂಜಲೂ ಹೊಟ್ಟೂ ಅದಕ್ಕೂ ಇವೆ. ಕೊಳ್ಳುವ ಮುನ್ನ ಆ ಪ್ರಾಣಿಯೊಡನೆಯೇ ನಾಲ್ಕಾರು ಸಲ ಕೆಲವು ಗಂಟೆಗಳ ಕಾಲ ಕಳೆದು ನೋಡುವುದು ಲೇಸು. ಸಾಕದೆಯೂ ಒಲಿಸಿಕೊಳ್ಳಬಹುದು. ನಮ್ಮ ಬೀದಿಯ ಕಂದುನಾಯಿಯೊಂದು ಗೇಟಿನ ಬಳಿ ದಿನವೂ ಅನ್ನ ಉಣ್ಣುವುದು, ರಾತ್ರಿ ಕಾವಲಿರುವುದು; ಅದರಿಂದ ನಮ್ಮ ಮೂಗಿಗೆ ಯಾವ ತೊಂದರೆಯೂ ಇಲ್ಲ.

ಇದೆಲ್ಲವೂ ಎಲ್ಲರಿಗೂ ಸಾಗತಕ್ಕದ್ದೆಂದು ನಾವು ಹೇಳುವುದಿಲ್ಲ. ಔಷಧವನ್ನು ಕ್ರಮವಾಗಿ ತೆಗೆದುಕೊಂಡರೂ ಉಬ್ಬಸ ಹತೋಟಿಗೆ ಬಾರದವರು, ಮತ್ತೆ ಮತ್ತೆ ಆಸ್ಪತ್ರೆ ಸೇರುವವರು, ಹೇಳಿಕೊಳ್ಳಲಾರದ ಸಣ್ಣ ಮಕ್ಕಳು, ಇವರ ಉಸಿರನ್ನು ಪಣಕ್ಕಿಡುವ ಹಕ್ಕು ಯಾರಿಗೂ ಇಲ್ಲ. ಅಂಥಲ್ಲಿ ಪ್ರಾಣಿಯನ್ನು ಪರಿಚಿತರ ಒಳ್ಳೆಯ ಮನೆಗೆ ಒಪ್ಪಿಸುವುದೇ ಧರ್ಮ. ಗೋಣಿಚೀಲದಲ್ಲಿ ಕಟ್ಟಿ ಮಾರುಕಟ್ಟೆಯ ಹತ್ತಿರ ಬಿಟ್ಟುಬರುವುದು ಅಧರ್ಮ. ಕರಾರಿಲ್ಲದ ಪ್ರೀತಿ ದೊಡ್ಡದೆಂದು ಹೇಳುವರು. ಒಂದೇ ಸೂರಿನಡಿಯಲ್ಲಿ ಬಾಳಬೇಕಾದವರಿಗೆ, ಎರಡು ಕಡೆಯವರೂ ರುಜು ಹಾಕಿದ ಸಣ್ಣ ಕರಾರೊಂದಿರುವುದು ಹೆಚ್ಚು ಕ್ಷೇಮವೆಂದು ನಮಗೆ ತೋರಿದೆ.

ಈ ಲೇಖನವನ್ನು ಬರೆಯುತ್ತಿರುವ ಬೆಳಗ್ಗೆ ಅಂಕಿ 440. ಮಲಗುವ ಕೋಣೆಯ ಮುಚ್ಚಿದ ಬಾಗಿಲಿನ ಹೊರಗೆ, ಹೊಸ್ತಿಲಿಗೆ ಬೆನ್ನು ಆನಿಸಿಕೊಂಡು ಕಾಳಿಯು ಎಂದಿನಂತೆ ಮಲಗಿದೆ. ಎರಡು ವರ್ಷಗಳಾದರೂ ಈ ಬಾಗಿಲು ಒಂದು ದಿನ ತೆರೆದೀತೆಂಬ ಆಸೆಯನ್ನು ಅದು ಬಿಟ್ಟಿಲ್ಲ. ನಾವು ಬಾಗಿಲು ತೆರೆದು, ಅದನ್ನು ದಾಟಿ, ಹಿಂದಿನಿಂದ ಬಾಗಿಲನ್ನು ಎಳೆದುಕೊಂಡೆವು. ಹಿತ್ತಲ ಕಟ್ಟೆಯ ಮೇಲೆ ಬಟ್ಟಲು ನೆಟ್ಟಗಿದೆ, ಅದರಲ್ಲಿ ಹಾಲಿದೆ.